ಸ್ಕೂಲ್ ಕಾಂಪೌಂಡಲ್ಲಿರೋ ಅಶೋಕ ಮರದ ಚಕ್ಕೆ ಅಮ್ಮನಿಗೆ ಕೊಡಬಹುದಾ?

ತೆಂಗಿನಸೀಮೆ:

ಎಲ್ರಿಗೂ ನಮಸ್ಕಾರ. ಗಿಡಮರ ಬಲ್ಲವರು, ಆಯುರ್ವೇದ ಓದಿರೋರು ಇಬ್ರೂ ಇಲ್ಲಿದೀರಿ ಅಂತ ಈ ಪ್ರಶ್ನೆ ಇಲ್ಲೇ ಹಾಕ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ನಮ್ಮದು ತಿಪಟೂರು ಕಡೆ ಹಳ್ಳಿ, ನಾನು ಬೆಂಗಳೂರಲ್ಲಿ ಕೆಲಸದಲ್ಲಿದೀನಿ. ಅಮ್ಮನಿಗೆ ಈಗ 46. ಏಳೆಂಟು ತಿಂಗಳಿಂದ ಮುಟ್ಟಾದಾಗ ತುಂಬಾ ರಕ್ತ ಹೋಗ್ತಿದೆ, ಮೊದಲು ಐದು ದಿನಕ್ಕೆ ನಿಲ್ತಿದ್ದದ್ದು ಈಗ ಹತ್ತು ಹನ್ನೆರಡು ದಿನ ಆದ್ರೂ ನಿಲ್ಲಲ್ಲ, ಗಡ್ಡೆ ಗಡ್ಡೆಯಾಗಿ ಹೋಗುತ್ತಂತೆ. ಇದನ್ನ ಅಮ್ಮ ನನ್ನ ಹತ್ರ ಹೇಳ್ಲಿಲ್ಲ, ತಂಗಿ ಹತ್ರ ಹೇಳಿ ತಂಗಿ ನನಗೆ ಫೋನ್ ಮಾಡಿದ್ದು. ಹೋದ ವಾರ ಊರಿಗೆ ಹೋದಾಗ ನೋಡಿದೆ, ತೋಟದಿಂದ ಮನೆಗೆ ಬರೋವಷ್ಟರಲ್ಲಿ ಎರಡು ಕಡೆ ಕೂತ್ಕೊಂಡ್ಳು, ಮುಖ ಬಿಳಿಚಿಕೊಂಡಿದೆ. ಡಾಕ್ಟ್ರ ಹತ್ರ ಹೋಗೋಣ ಬಾ ಅಂದ್ರೆ "ಮುಟ್ಟು ನಿಲ್ಲೋ ವಯಸ್ಸು ಕಣೋ, ಎಲ್ರಿಗೂ ಹಿಂಗೇ ಆಗುತ್ತೆ, ನಿಂಗ್ಯಾಕೆ ಅದೆಲ್ಲಾ" ಅಂತ ಮಾತು ತಿರುಗಿಸ್ತಾಳೆ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಚಿಕ್ಕಮ್ಮ ಎಲ್ಲೋ ಕೇಳ್ಕೊಂಡು ಬಂದವ್ರೆ, ಅಶೋಕ ಮರದ ಚಕ್ಕೆ ಹಾಲಲ್ಲಿ ಕುದಿಸಿ ಕೊಟ್ರೆ ರಕ್ತ ಹೋಗೋದು ನಿಲ್ಲುತ್ತೆ ಅಂತ. ನಮ್ಮೂರ ಸ್ಕೂಲ್ ಕಾಂಪೌಂಡ್ ಉದ್ದಕ್ಕೂ ಅಶೋಕ ಮರ ಇದಾವೆ, ಕಂಬದ ತರ ನೆಟ್ಟಗೆ ಮೇಲಕ್ಕೆ ಹೋಗಿ ಎಲೆ ಎಲ್ಲಾ ಕೆಳಕ್ಕೆ ಜೋತು ಬಿದ್ದಿರುತ್ತಲ್ಲ, ಅದೇ. ಅದರಲ್ಲಿ ಒಂದು ಮರದಿಂದ ಕುಡುಗೋಲಲ್ಲಿ ಕೆತ್ತಿಸಿ ಒಂದು ಕವರ್ ತುಂಬಾ ಚಕ್ಕೆ ತಂದು ಬಿಸಿಲಿಗೆ ಒಣಗಿಸಿ ಇಟ್ಟವ್ರೆ. ಸೋಮವಾರದಿಂದ ಶುರು ಮಾಡ್ತಾರಂತೆ.

ನನ್ನ ಪ್ರಶ್ನೆ ಎರಡು. ಈ ಚಕ್ಕೆ ಕೊಡಬಹುದಾ, ಕೊಟ್ರೆ ಎಷ್ಟು? ಎರಡನೇದು, ಅಂಗಡೀಲಿ ಸಿಗೋ ಅಶೋಕಾರಿಷ್ಟನೂ ಇದೇ ಮರದ್ದೇನಾ, ಅದನ್ನೇ ತಂದ್ರೆ ಒಳ್ಳೇದಾ? ಗೊತ್ತಿರೋರು ದಯವಿಟ್ಟು ಬೇಗ ಹೇಳಿ.

ಹಳ್ಳದಂಚು:

ಮೊದಲು ಊರಿಗೆ ಫೋನ್ ಮಾಡಿ ಆ ಕವರ್ ಎತ್ತಿಡಕ್ಕೆ ಹೇಳಿ, ಆಮೇಲೆ ಇದನ್ನ ಓದಿ. ನೀವು ಹೇಳ್ತಿರೋ ಮರ ಅಶೋಕ ಅಲ್ಲ. ಹೆಸರು ಮಾತ್ರ ಅಶೋಕ.

ನಾನು ಸಿರ್ಸಿ ಸೀಮೆಯವ, ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳದ ಪಕ್ಕ ನಿಜವಾದ ಅಶೋಕ ಎರಡು ಮರ ಇವೆ, ಅಜ್ಜನ ಕಾಲದ್ದು. ಜನ ಈಗ ಗುರುತಿಗೆ ಅಂತ ಸೀತಾ ಅಶೋಕ ಅಂತಾರೆ, ಸೀತೆ ಲಂಕೆಯ ಅಶೋಕವನದಲ್ಲಿ ಇದ್ದದ್ದು ಇದರ ನೆರಳಲ್ಲಿ ಅನ್ನೋ ನಂಬಿಕೆಯಿಂದ. ನಿಮ್ಮೂರ ಸ್ಕೂಲಿನ ಮರಕ್ಕೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ. ಕಂಬದ ಅಶೋಕ ಸೀತಾಫಲದ ಕುಟುಂಬದ್ದು, ಸಸ್ಯಶಾಸ್ತ್ರದವರು ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಅಂತಿದ್ರು, ಈಗ ಮೊನೂನ್ ಅಂತ ಬದಲಾಯಿಸಿದಾರೆ. ಸೀತಾ ಅಶೋಕ ಸರಾಕಾ ಅಸೋಕಾ, ಹುಣಸೆ ಅವರೆ ತೊಗರಿ ಎಲ್ಲ ಬರ್ತಾವಲ್ಲ ಆ ದ್ವಿದಳ ಕುಟುಂಬದ್ದು. ಹಳೇ ಪುಸ್ತಕಗಳಲ್ಲಿ ಸರಾಕಾ ಇಂಡಿಕಾ ಅಂತ ಇರುತ್ತೆ, ಆದ್ರೆ ಆ ಹೆಸರು ಆಗ್ನೇಯ ಏಷ್ಯಾದ ಇನ್ನೊಂದು ಮರಕ್ಕೆ ಸೇರಿದ್ದು, ನಮ್ಮ ಮರಕ್ಕೆ ಅಲ್ಲ.

ಗುರುತು ಹಿಡಿಯೋದು ಕಷ್ಟ ಏನಿಲ್ಲ. ಕಂಬದ ಅಶೋಕದ್ದು ಒಂಟಿ ಎಲೆ, ಉದ್ದಕ್ಕೆ, ಅಂಚು ಅಲೆ ಅಲೆ. ಹೂವು ಹಸಿರು ಬಣ್ಣದ್ದು, ನಕ್ಷತ್ರದ ತರ ಆರು ಸಣಕಲು ಎಸಳು, ಎಲೆ ಮಧ್ಯ ಕಾಣೋದೇ ಇಲ್ಲ, ಆಮೇಲೆ ಗೊಂಚಲಲ್ಲಿ ನೇರಳೆ ಹಣ್ಣಿನ ಗಾತ್ರದ ಕಾಯಿ ಆಗಿ ಕಪ್ಪಾಗಿ ಬೀಳುತ್ತೆ, ರಾತ್ರಿ ಬಾವಲಿ ಬಂದು ತಿಂದು ಬೀಜ ಉದುರಿಸ್ತವೆ. ಸೀತಾ ಅಶೋಕದ ಎಲೆ ಒಂಟಿ ಅಲ್ಲ, ಒಂದು ಕಡ್ಡಿಗೆ ಮೂರರಿಂದ ಆರು ಜೋಡಿ ಎಲೆ ಎದುರುಬದುರು. ಮರ ಕಂಬದ ಹಾಗೆ ಹೋಗಲ್ಲ, ಕೊಡೆ ತರ ಹರಡುತ್ತೆ, ಹೆಚ್ಚು ಎತ್ತರವೂ ಇಲ್ಲ. ಚಿಗುರು ಬಂದಾಗ ತಾಮ್ರದ ಬಣ್ಣದಲ್ಲಿ ಒದ್ದೆ ಬಟ್ಟೆ ನೇತು ಹಾಕಿದ ಹಾಗೆ ಮೆತ್ತಗೆ ಜೋತು ಬಿದ್ದಿರುತ್ತೆ, ಮುಟ್ಟಿದ್ರೆ ರೇಷ್ಮೆ. ಹೂವು ಫೆಬ್ರವರಿಯಿಂದ ಮೇ ತನಕ, ತುದಿಯಲ್ಲಷ್ಟೇ ಅಲ್ಲ, ದಪ್ಪ ಕೊಂಬೆ ಕಾಂಡದ ಮೇಲೇ ಗೊಂಚಲು ಗೊಂಚಲಾಗಿ ಕೂತಿರುತ್ತೆ, ಮೊದಲ ದಿನ ಹಳದಿ ಕಿತ್ತಳೆ, ಎರಡು ಮೂರು ದಿನಕ್ಕೆ ಕೆಂಪು, ಹಾಗಾಗಿ ಒಂದೇ ಗೊಂಚಲಲ್ಲಿ ಮೂರು ಬಣ್ಣ ಕಾಣುತ್ತೆ. ನಾವು ಎಸಳು ಅಂದ್ಕೊಳ್ಳೋದು ನಿಜವಾಗಿ ಎಸಳೇ ಅಲ್ಲ, ಬಣ್ಣ ಬಂದಿರೋ ಪುಷ್ಪಪಾತ್ರೆ, ಎಸಳು ಈ ಹೂವಿಗೆ ಇಲ್ವೇ ಇಲ್ಲ. ಅದರಿಂದ ಉದ್ದಕ್ಕೆ ಹೊರಗೆ ಚಾಚಿರೋ ಕೇಸರ ಏಳೆಂಟು ಇರುತ್ತೆ, ದೂರದಿಂದ ಕೇಪಳ ಹೂವಿನ ಗೊಂಚಲು ಅನ್ಸುತ್ತೆ. ಸಂಜೆ ಮೇಲೆ ತೋಟಕ್ಕೆ ಇಳಿದ್ರೆ ವಾಸನೆಯಲ್ಲೇ ಗೊತ್ತಾಗುತ್ತೆ ಅರಳಿದೆ ಅಂತ.

ಹಿಂದಿನವರು ಸಂಸ್ಕೃತದಲ್ಲಿ ಇದಕ್ಕೆ ಇಟ್ಟ ಹೆಸರುಗಳನ್ನೇ ನೋಡಿ, ತಾಮ್ರಪಲ್ಲವ, ಹೇಮಪುಷ್ಪ. ತಾಮ್ರದ ಚಿಗುರು, ಚಿನ್ನದ ಹೂವು. ಆ ಎರಡು ಹೆಸರು ಹಿಡ್ಕೊಂಡು ನಿಮ್ಮ ಸ್ಕೂಲ್ ಮರದ ಮುಂದೆ ನಿಂತ್ರೆ ಒಂದೂ ಹೊಂದಲ್ಲ. ಬೆಂಗಳೂರಲ್ಲೇ ಇದೀರಲ್ಲ, ಲಾಲ್‌ಬಾಗ್‌ನಲ್ಲಿ ಸೀತಾ ಅಶೋಕ ಇದೆ, ಒಂದು ಭಾನುವಾರ ಹೋಗಿ ಕಣ್ಣಾರೆ ನೋಡಿ, ಆಮೇಲೆ ಜೀವನದಲ್ಲಿ ಮರೆಯಲ್ಲ.

ಔಷಧಿ ಎಷ್ಟು ಏನು ಅನ್ನೋದು ಓದಿದವರು ಹೇಳ್ಲಿ.

ಕುಮಾರಧಾರೆ:

ನಮ್ಮಲ್ಲಿ ಸುಬ್ರಹ್ಮಣ್ಯದ ಹತ್ತಿರ ಅಜ್ಜಿ ಮನೆಯಲ್ಲಿ ಅಶೋಕದ ಮರ ಉಂಟು, ಸರಿಯಾದದ್ದೇ. ನನ್ನ ಅಜ್ಜಿ ಊರಿನ ಹೆಂಗಸರಿಗೆಲ್ಲ ಅದರ ಕೆತ್ತೆಯ ಕಷಾಯ ಮಾಡಿ ಕೊಡ್ತಿದ್ರು, ಬಾಣಂತಿಯರಿಗೆ, ಹೊಟ್ಟೆನೋವು ಅಂತ ಬಂದ ಹುಡುಗಿಯರಿಗೆ. ನನಗೂ ಕೊಟ್ಟಿದ್ದಾರೆ ಪಿಯುಸಿ ಓದುವಾಗ, ಒಗರು ಅಂದ್ರೆ ಒಗರು, ನಾಲಿಗೆ ಒಂದು ಗಂಟೆ ಹೊತ್ತು ಮರಗಟ್ಟಿದ ಹಾಗೆ ಆಗ್ತದೆ, ಆದ್ರೆ ನೋವು ಕಮ್ಮಿ ಆದದ್ದು ಹೌದು. ಹೂವು ಕೂಡ ಬಿಡ್ಲಿಕ್ಕಿಲ್ಲ, ತುಪ್ಪದಲ್ಲಿ ಬಾಡಿಸಿ ತೆಂಗಿನಕಾಯಿ ಜೀರಿಗೆ ಜೊತೆ ಕಡೆದು ಮಜ್ಜಿಗೆ ಹಾಕಿ ತಂಬುಳಿ ಮಾಡ್ತೇವೆ ನಾವು, ಬೇಸಿಗೆಯಲ್ಲಿ ಊಟಕ್ಕೆ ಅದು ಇದ್ರೆ ಬೇರೆ ಪದಾರ್ಥ ಬೇಡ.

ಹಾಗಾಗಿ ನನ್ನ ಅಭಿಪ್ರಾಯ, ಸರಿಯಾದ ಮರದ್ದು ಸಿಕ್ಕಿದ್ರೆ ಕೊಡಿ, ಹೆದರ್ಬೇಡಿ. ಆಸ್ಪತ್ರೆಗೆ ಹೋದ್ರೆ ಮೊದಲು ಹೇಳುವುದೇ ಗರ್ಭಕೋಶ ತೆಗೀಬೇಕು ಅಂತ. ನನ್ನ ಅತ್ತೆಗೆ 42ರಲ್ಲಿ ತೆಗೆದ್ರು, ಆಮೇಲೆ ಅವರು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ನಿಮಗೆ ಬೇಕಾದ್ರೆ ಊರಿಂದ ಕೆತ್ತೆ ಕಳಿಸಿ ಕೊಡ್ತೇನೆ, ದುಡ್ಡು ಎಲ್ಲ ಬೇಡ.

ವೈದ್ಯೆ ಹಾಸನ:

ನಾನು ಬಿಎಎಂಎಸ್ ಮಾಡಿ ಹದಿನಾಲ್ಕು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದೀನಿ, ಅಶೋಕವನ್ನ ವಾರಕ್ಕೆ ಹತ್ತಾರು ಜನಕ್ಕೆ ಬರೀತೀನಿ, ಅದರ ಮೇಲೆ ನನಗೆ ಗೌರವ ಇದೆ. ಅದಕ್ಕೇ ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ತೆಂಗಿನಸೀಮೆಯವರೇ, ನಿಮ್ಮ ತಾಯಿಗೆ ಈಗ ಮೊದಲು ಬೇಕಾಗಿರೋದು ಯಾವ ಚಕ್ಕೆಯೂ ಅಲ್ಲ, ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್.

46 ವಯಸ್ಸು, ಹತ್ತು ಹನ್ನೆರಡು ದಿನ ರಕ್ತ, ಗಡ್ಡೆ, ನಾಲ್ಕು ಹೆಜ್ಜೆ ನಡೆದ್ರೆ ಸುಸ್ತು, ಮುಖ ಬಿಳಿಚಿಕೊಂಡಿದೆ. ಇಷ್ಟು ಓದಿದ್ರೆ ನನಗೆ ಮೊದಲು ಕಣ್ಣಿಗೆ ಬರೋದು ರಕ್ತಹೀನತೆ. ಕಾರಣ ಏನು ಬೇಕಾದ್ರೂ ಇರಬಹುದು, ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಮಾಂಸದ ಗೆಡ್ಡೆ), ಒಳಪದರ ದಪ್ಪ ಆಗಿರೋದು, ಥೈರಾಯ್ಡ್, ಅಪರೂಪಕ್ಕೆ ಕ್ಯಾನ್ಸರ್. ಈ ವಯಸ್ಸಲ್ಲಿ ಹೀಗಾದ್ರೆ ಒಳಪದರದ ಸ್ವಲ್ಪ ಚೂರು ತೆಗೆದು ಬಯಾಪ್ಸಿಗೆ ಕಳಿಸೋದು ಅದಕ್ಕೇ. ಚಕ್ಕೆ ಕೊಟ್ಟು ಎರಡು ತಿಂಗಳು ರಕ್ತ ಕಮ್ಮಿ ಆಯ್ತು ಅಂತ ಸಮಾಧಾನ ಮಾಡ್ಕೊಂಡ್ರೆ, ಒಳಗೆ ಇರೋದು ಎರಡು ತಿಂಗಳು ಬೆಳೆಯುತ್ತೆ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗ್ತಿದ್ರೆ, ತಲೆ ಸುತ್ತಿ ಬೀಳೋ ಹಾಗಾದ್ರೆ ಸೋಮವಾರ ತನಕ ಕಾಯಲೇ ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕುಮಾರಧಾರೆ ಅವರೇ, ನಿಮ್ಮ ಅಜ್ಜಿ ಬಗ್ಗೆ ನನಗೆ ಎರಡು ಮಾತಿಲ್ಲ, ಅಂಥವರಿಂದಲೇ ಈ ವಿದ್ಯೆ ಉಳಿದಿದ್ದು. ಅವರು ಕೊಡ್ತಿದ್ದದ್ದು ಗೊತ್ತಿರೋ ಹುಡುಗಿಯ ಹೊಟ್ಟೆನೋವಿಗೆ, ಕಣ್ಣೆದುರೇ ಇಟ್ಕೊಂಡು. ಚರಕದಲ್ಲಿ ಅಶೋಕ ಬರೋದು ವೇದನಾಸ್ಥಾಪನ ಗುಂಪಲ್ಲಿ, ಅಂದ್ರೆ ನೋವಿಗೆ, ನಿಮಗೆ ನೋವು ಕಮ್ಮಿ ಆಗಿದ್ದು ಅದಕ್ಕೆ ಹೊಂದುತ್ತೆ. ಸುಶ್ರುತದಲ್ಲಿ ಲೋಧ್ರಾದಿ ಗಣದಲ್ಲಿದೆ, ಅಂದ್ರೆ ಲೋಧ್ರ ಮೊದಲಾದ ಮೂಲಿಕೆಗಳ ಗುಂಪಲ್ಲಿ. ಹಾಲಲ್ಲಿ ಕುದಿಸಿ ಅತಿ ರಕ್ತಸ್ರಾವಕ್ಕೆ ಕೊಡೋದನ್ನ ಚಕ್ರದತ್ತ ಹೇಳುತ್ತೆ, ಅದು 11ನೇ ಶತಮಾನದ ಗ್ರಂಥ. ಅಂದ್ರೆ ಚಿಕ್ಕಮ್ಮ ಕೇಳಿಕೊಂಡು ಬಂದಿದ್ದು ಸುಳ್ಳಲ್ಲ, ಸಾವಿರ ವರ್ಷದ ಮಾತು, ಮರ ಮಾತ್ರ ತಪ್ಪು. ಕ್ಷೀರಪಾಕ ಮಾಡೋ ಕ್ರಮದಲ್ಲಿ ಒಂದು ಪಾಲು ಚಕ್ಕೆಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು, ನೀರೆಲ್ಲ ಇಂಗಿ ಹಾಲು ಮಾತ್ರ ಉಳಿಯೋ ತನಕ ಸಣ್ಣ ಉರಿ. ಇದನ್ನ ಹೇಳಿದ್ದು ಕ್ರಮ ಗೊತ್ತಾಗ್ಲಿ ಅಂತ, ಮನೇಲಿ ಶುರು ಮಾಡಿ ಅಂತ ಅಲ್ಲ. ಅಶೋಕದ ಮೇಲೆ ಲ್ಯಾಬಲ್ಲಿ, ಪ್ರಾಣಿಗಳ ಮೇಲೆ ಕೆಲಸ ಆಗಿದೆ, ಮನುಷ್ಯರ ಮೇಲೆ ದೊಡ್ಡ ಮಟ್ಟದ ಪರೀಕ್ಷೆಗಳು ಕಡಿಮೆ. ನಾನು ಬರೆಯೋದು ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ಮೇಲೇ.

ಇನ್ನು ಗರ್ಭಕೋಶ ತೆಗೆಸೋ ಭಯ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ, ಬೇಡದ ಕಡೆ ತೆಗೆದಿರೋದನ್ನ ನಾನೂ ನೋಡಿದೀನಿ. ಆದ್ರೆ ಈಗ ದಾರಿ ಬೇಕಾದಷ್ಟಿದೆ, ಮಾತ್ರೆ ಇದೆ, ಗರ್ಭಕೋಶದ ಒಳಗೆ ಇಡೋ ಹಾರ್ಮೋನ್ ಸಾಧನ ಇದೆ, ಫೈಬ್ರಾಯ್ಡ್ ಮಾತ್ರ ತೆಗೆಯೋದಿದೆ. ತೆಗೀಬೇಕು ಅಂತ ಒಬ್ರು ಹೇಳಿದ್ರೆ ಇನ್ನೊಬ್ರ ಹತ್ರ ಕೇಳೋ ಹಕ್ಕು ನಿಮಗಿದೆ. ಆ ಭಯಕ್ಕೆ ಪರೀಕ್ಷೆನೇ ಮಾಡಿಸ್ದೆ ಕೂರಬೇಡಿ ಅಷ್ಟೇ.

ಅಶೋಕಾರಿಷ್ಟದ ಬಗ್ಗೆ ಕೇಳಿದ್ರಿ. ಅಶೋಕದ ಚಕ್ಕೆಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಇನ್ನೂ ಕೆಲವು ದ್ರವ್ಯ ಹಾಕಿ ಹುದುಗು ಬರಿಸಿ ಮಾಡೋದು, ಅದರಲ್ಲೇ ಹುಟ್ಟಿದ ಆಲ್ಕೋಹಾಲ್ ಐದರಿಂದ ಹತ್ತು ಪರ್ಸೆಂಟ್ ಇರುತ್ತೆ, ಬೆಲ್ಲ ಇದೆ ಅಂತ ಶುಗರ್ ಇರೋರು ಹುಷಾರಾಗಿರಬೇಕು. ಎಷ್ಟು ಅನ್ನೋದು ನಿಮ್ಮ ಹತ್ತಿರದ ವೈದ್ಯರು ತಾಯಿನ ನೋಡಿ ಹೇಳ್ಲಿ. ಒಂದು ವಿಷಯ ಮಾತ್ರ ನೆನಪಿಡಿ, ಅಶೋಕದ ಒಗರು ಬರೋದು ಟ್ಯಾನಿನ್‌ನಿಂದ, ಟ್ಯಾನಿನ್ ಹೊಟ್ಟೇಲಿ ಕಬ್ಬಿಣಾಂಶ ಹೀರಿಕೊಳ್ಳೋಕೆ ಅಡ್ಡ ಬರುತ್ತೆ. ನಾಳೆ ಐರನ್ ಮಾತ್ರೆ ಕೊಟ್ರೆ ಅದಕ್ಕೂ ಕಷಾಯಕ್ಕೂ ಎರಡು ಗಂಟೆಯಾದ್ರೂ ಅಂತರ ಇರಲಿ. ಎಷ್ಟೋ ಜನ ಎರಡನ್ನೂ ಒಟ್ಟಿಗೆ ನುಂಗಿ ಮೂರು ತಿಂಗಳಾದ್ರೂ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಏರಲ್ಲ ಅಂತ ಬರ್ತಾರೆ.

ತಾಯಿನ ಒಪ್ಪಿಸೋದು ನಿಮ್ಮಿಂದ ಆಗಲ್ಲ ಅನ್ಸಿದ್ರೆ ತಂಗಿನ ಮುಂದೆ ಬಿಡಿ, ಲೇಡಿ ಡಾಕ್ಟರ್ ಹತ್ರ ಅಂತ ಮೊದಲೇ ಹೇಳಿ. "ನಿನಗೆ ಏನಾಗಿದೆ ನೋಡೋಣ" ಅಂದ್ರೆ ಬರಲ್ಲ ಅವರು, "ರಕ್ತ ಕಮ್ಮಿ ಆಗಿದೆ, ಅದನ್ನ ನೋಡಿಸ್ಕೊಂಡು ಬರೋಣ" ಅಂದ್ರೆ ಬರ್ತಾರೆ. ನನ್ನ ಅನುಭವ.

ತೆಂಗಿನಸೀಮೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿದೆ, ಚಿಕ್ಕಮ್ಮನಿಗೆ ಸ್ವಲ್ಪ ಬೇಜಾರಾಯ್ತು, ಪಾಪ ಅವರು ಒಳ್ಳೇದಕ್ಕೇ ಮಾಡಿದ್ದು, ಮರ ಬೇರೆ ಅಂದಾಗ ನಂಬ್ಲಿಲ್ಲ, ಹಳ್ಳದಂಚು ಅವರು ಬರೆದಿದ್ದನ್ನ ಪೂರ್ತಿ ಓದಿ ಹೇಳಿದೆ, ಒಂಟಿ ಎಲೆ ಅಂದ ತಕ್ಷಣ ಒಪ್ಕೊಂಡ್ರು. ಗುರುವಾರ ತಂಗಿ ಬರ್ತಾಳೆ, ಅಮ್ಮನ್ನ ತುಮಕೂರಿಗೆ ಕರ್ಕೊಂಡು ಹೋಗ್ತೀವಿ.

ಇನ್ನೊಂದು ಕೇಳ್ಬೇಕಿತ್ತು. ಈ ಸೀತಾ ಅಶೋಕ ನಮ್ಮ ತೆಂಗಿನ ತೋಟದಲ್ಲಿ ಬೆಳೆಯುತ್ತಾ? ಔಷಧಿಗೆ ಅಂತ ಅಲ್ಲ, ಇಷ್ಟು ಓದಿದ ಮೇಲೆ ಮನೇಲಿ ಒಂದು ಇರಲಿ ಅನ್ನಿಸ್ತು.

ಹಳೇಕೊಪ್ಪ:

ಗಿಡ ಬೆಳೆಸೋದು ಆಮೇಲೆ ಯಾರಾದ್ರೂ ಹೇಳ್ತಾರೆ. ನಾನು ಕುಮಾರಧಾರೆ ಅವರು "ಕೆತ್ತೆ ಕಳಿಸಿ ಕೊಡ್ತೇನೆ" ಅಂದಿದ್ದಕ್ಕೆ ಒಂದು ಮಾತು ಹೇಳ್ಬೇಕು, ಅವರ ಮನಸ್ಸು ದೊಡ್ಡದು, ತಪ್ಪು ತಿಳ್ಕೋಬಾರದು.

ನನಗೀಗ 67. ಕೊಪ್ಪದ ಹತ್ತಿರ ನಮ್ಮ ಮನೆ ಹಿಂದಿನ ಕಾಡಲ್ಲಿ ಹಳ್ಳ ಒಂದಿದೆ, ನಾನು ಹುಡುಗ ಆಗಿದ್ದಾಗ ಆ ಹಳ್ಳದ ಎರಡೂ ಬದಿ ಅಶೋಕ ಇತ್ತು, ಎಣಿಸಿದವರಿಲ್ಲ, ಶಿವರಾತ್ರಿ ಕಳೆದ ಮೇಲೆ ಆ ಕಡೆ ಹೋದ್ರೆ ನೀರಿನ ಮೇಲೆಲ್ಲಾ ಕೆಂಪು ಹೂವು ತೇಲ್ತಾ ಬರೋದು, ನಾವು ದನ ಮೇಯಿಸೋ ಹುಡುಗ್ರು ಅದನ್ನೇ ಹಿಡ್ಕೊಂಡು ಮೇಲೆ ಎಲ್ಲಿ ಮರ ಇದೆ ಅಂತ ಹುಡುಕ್ತಿದ್ವಿ. ಮನ್ಮಥನ ಐದು ಬಾಣದಲ್ಲಿ ಇದೂ ಒಂದು ಅಂತ ಮೇಷ್ಟ್ರು ಹೇಳಿದ್ದು ಆ ಹಳ್ಳದ ದಡದಲ್ಲೇ. ಅಶೋಕಕ್ಕೆ ಹಳ್ಳದ ಬದಿನೇ ಬೇಕು, ನಿತ್ಯಹರಿದ್ವರ್ಣ ಕಾಡಿನ ನೆರಳು, ಬುಡದಲ್ಲಿ ತೇವ.

ಎಂಬತ್ತರ ದಶಕದ ಕೊನೆಯಿಂದ ಚಕ್ಕೆ ಕೊಳ್ಳೋರು ಬರೋಕೆ ಶುರು ಆದ್ರು. ಕೂಲಿ ಸಿಗುತ್ತೆ ಅಂತ ನಮ್ಮೂರವರೇ ಹೋದ್ರು, ಅವರನ್ನ ಬೈಯೋದ್ರಲ್ಲಿ ಅರ್ಥ ಇಲ್ಲ, ಮಳೆಗಾಲಕ್ಕೆ ಮೊದಲು ಕೈಯಲ್ಲಿ ನಾಲ್ಕು ಕಾಸು ಬೇಕಿತ್ತು. ಒಂದು ಬದಿ ಚಕ್ಕೆ ತೆಗೆದು ಇನ್ನೊಂದು ಬದಿ ಬಿಟ್ರೆ ಮರ ಬದುಕುತ್ತೆ. ಇವರು ಬುಡದಿಂದ ಕೈ ಎಟುಕೋ ತನಕ ಸುತ್ತ ಸುಲಿದ್ರು. ಎಲೆಯಲ್ಲಿ ಆದ ಊಟ ಬೇರಿಗೆ ಇಳಿಯೋದು ಆ ತೊಗಟೆ ಒಳಗಿಂದಲೇ, ಸುತ್ತ ಸುಲಿದ್ರೆ ಬೇರು ಉಪವಾಸ ಬೀಳುತ್ತೆ. ಆದ್ರೆ ಮರ ಕೂಡ್ಲೆ ಸಾಯಲ್ಲ, ಅದೇ ನೋಡೋಕೆ ಆಗದೇ ಇರೋದು. ಒಂದು ಮರ ಹಾಗೆ ಸುಲಿಸಿಕೊಂಡ ಮರುವರ್ಷವೂ ಹೂ ಬಿಟ್ಟಿತ್ತು, ಎಂದೂ ಬಿಡದಷ್ಟು, ಮೈ ತುಂಬಾ. ಅದರ ಮುಂದಿನ ವರ್ಷ ಒಣಗಿ ನಿಂತಿತ್ತು. ಆ ಹಳ್ಳದಲ್ಲಿ ಈಗ ಮೂರು ಮರ ಇವೆ, ಮೂರೂ ಹತ್ತೋಕೆ ಆಗದ ಬಂಡೆ ಸಂದಿಯಲ್ಲಿರೋವು.

1998ರಲ್ಲೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಮರ ಅಪಾಯದಲ್ಲಿದೆ ಅಂತ ಬಂದಾಗಿದೆ. ಕಾಡಿಂದ ಬರೋ ಚಕ್ಕೆ ಬೇಡಿಕೆಗೆ ಸಾಕಾಗಲ್ಲ, ಅದಕ್ಕೇ ಮಾರ್ಕೆಟ್‌ನಲ್ಲಿ ಕಂಬದ ಅಶೋಕದ ಚಕ್ಕೆ ಸೇರಿಸಿ ಮಾರೋದು ನಡೀತಾ ಇದೆ. ಅಂದ್ರೆ ಚಿಕ್ಕಮ್ಮ ಗೊತ್ತಿಲ್ಲದೆ ಮಾಡಿದ್ದನ್ನ ವ್ಯಾಪಾರದವರು ಗೊತ್ತಿದ್ದೇ ಮಾಡ್ತಾರೆ. ಆ ಕಡೆ ಮರವೂ ಹೋಯ್ತು, ಈ ಕಡೆ ಕುಡಿದ ಹೆಂಗಸಿಗೆ ಔಷಧಿಯೂ ಸಿಗ್ಲಿಲ್ಲ. ಒಣಗಿಸಿ ಚೂರು ಮಾಡಿದ ಚಕ್ಕೆ ನೋಡಿ ಹೇಳೋದು ನನ್ನಂಥವನಿಗೂ ಕಷ್ಟ, ಹಸಿದಾದ್ರೆ ಅಶೋಕದ ಚಕ್ಕೆ ಕತ್ತರಿಸಿದ ಜಾಗ ಗಾಳಿಗೆ ಕೆಂಪಗಾಗುತ್ತೆ, ಅದೊಂದು ಗುರುತು.

ಕುಮಾರಧಾರೆ, ನಿಮ್ಮ ಅಜ್ಜಿ ಮರ ಇನ್ನೂ ಇದೆ ಅಂದ್ರೆ ಅಜ್ಜಿ ಕೈಯಲ್ಲಿ ಲೆಕ್ಕ ಇತ್ತು ಅಂತ. ಅಂಗೈ ಅಗಲ ತೆಗೆದು, ಆ ಗಾಯ ಕೂಡೋ ತನಕ ಆ ಮರ ಮುಟ್ಟದೇ ಇದ್ದಿರಬೇಕು. ಕೇಳಿ ನೋಡಿ.

ಕುಮಾರಧಾರೆ:

ಹಳೇಕೊಪ್ಪದವರೇ, ನೀವು ಹೇಳಿದ್ದು ಓದಿ ಅಮ್ಮನತ್ರ ಕೇಳಿದೆ, ಅಜ್ಜಿ ಈಗ ಇಲ್ಲ. ಅಮ್ಮ ಹೇಳಿದ್ರು, ಅಜ್ಜಿ ಕೆತ್ತೆ ತೆಗೆಯುವ ಮೊದಲು ಮರಕ್ಕೆ ನೀರು ಹಾಕಿ ಕೈ ಮುಗೀತಿದ್ರಂತೆ, ತೆಗೆದ ಜಾಗಕ್ಕೆ ಸಗಣಿ ಮೆತ್ತುತ್ತಿದ್ರಂತೆ, ಮತ್ತೆ ಎರಡು ಮಳೆಗಾಲ ಆ ಬದಿಗೆ ಕತ್ತಿ ತಾಗಿಸ್ಲಿಕ್ಕೆ ಯಾರಿಗೂ ಬಿಡ್ತಿರ್ಲಿಲ್ಲ. ನನಗೆ ಇದು ಯಾವುದೂ ಗೊತ್ತಿರ್ಲಿಲ್ಲ. ಕೆತ್ತೆ ಕಳಿಸ್ತೇನೆ ಅಂದದ್ದು ವಾಪಸ್ ತಗೊಳ್ತೇನೆ. ಮತ್ತೆ ವೈದ್ಯೆಯವರು ಹೇಳಿದ್ದೂ ಸರಿ, ನಾನು ಅತ್ತೆಯ ಸಂಕಟದಲ್ಲಿ ಸ್ವಲ್ಪ ಜೋರಾಗಿ ಬರೆದೆ, ಪರೀಕ್ಷೆ ಮಾಡಿಸಿ ಅಂತಲೇ ನಾನೂ ಹೇಳ್ತೇನೆ.

ಬೀಜ ಬೇಕಾದ್ರೆ ಕೊಡ್ಬಹುದು, ಈ ಸಲ ಕಾಯಿ ತುಂಬ ಆಗಿದೆ.

ಹಳ್ಳದಂಚು:

ಬೀಜ ಅಂದ್ರಲ್ಲ, ಅದರ ಬಗ್ಗೆ ನಾನು ಹೇಳ್ತೇನೆ, ಮೂರು ವರ್ಷ ಕೆಡಿಸಿಕೊಂಡು ಕಲಿತಿದ್ದು.

ಕಾಯಿ ಚಪ್ಪಟೆ, ಗೇಣುದ್ದ, ದಪ್ಪ ಅವರೆಕಾಯಿ ತರ, ಮೊದಲು ನೇರಳೆಗೆಂಪು ಇದ್ದು ಒಣಗಿದಾಗ ಕಂದು ಆಗಿ ಬಿರಿಯುತ್ತೆ. ಒಳಗೆ ನಾಲ್ಕರಿಂದ ಎಂಟು ಬೀಜ. ನಮ್ಮಲ್ಲಿ ಮಳೆ ಹಿಡಿಯೋ ಹೊತ್ತಿಗೆ ಬೀಳ್ತಾವೆ. ಎಲ್ರೂ ಮಾಡೋ ತಪ್ಪು ಅಂದ್ರೆ ಬೇರೆ ಬೀಜದ ಹಾಗೆ ಇದನ್ನೂ ಒಣಗಿಸಿ ಡಬ್ಬಿಯಲ್ಲಿ ಇಡೋದು. ಅಶೋಕದ ಬೀಜ ಒಣಗಿದ್ರೆ ಸತ್ತಿತು. ಹಲಸಿನ ಬೀಜದ ಹಾಗೆ, ಹಸಿ ಇದ್ದಾಗಲೇ ಮಣ್ಣಿಗೆ ಹೋಗ್ಬೇಕು. ನಾನು ಮೊದಲ ವರ್ಷ ನಲವತ್ತು ಬೀಜ ಬಿಸಿಲಿಗೆ ಹಾಕಿ ಒಣಗಿಸಿ ತಿಂಗಳು ಬಿಟ್ಟು ಊರಿದೆ, ಒಂದೂ ಏಳಲಿಲ್ಲ. ಬಿದ್ದ ದಿನವೇ ಆರಿಸಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಣ್ಣು ಮರಳು ಸಗಣಿ ಗೊಬ್ಬರ ಸೇರಿಸಿ ಹಾಕಿದ್ರೆ ಮೂರು ನಾಲ್ಕು ವಾರಕ್ಕೆ ಮೊಳಕೆ. ಕೊಟ್ಟೆ ಉದ್ದದ್ದು ತಗೊಳ್ಳಿ, ಬೇರು ನೆಟ್ಟಗೆ ಇಳಿಯುತ್ತೆ. ಇಲಿ ಹೆಗ್ಗಣದಿಂದ ಕಾಯ್ಕೋಬೇಕು.

ತಿಪಟೂರು ಕಡೆ ಬರುತ್ತಾ ಅಂದ್ರೆ ಬರುತ್ತೆ, ಕಾಡಿನ ಮರ ಆದ್ರೂ ನೀರು ನೆರಳು ಕೊಟ್ರೆ ಬಯಲುಸೀಮೆಯಲ್ಲೂ ನಿಲ್ಲುತ್ತೆ, ಬೆಂಗಳೂರಲ್ಲಿ ನಿಂತಿಲ್ವಾ. ತೆಂಗಿನ ತೋಟದ ನೆರಳು ಎಳೆಗಿಡಕ್ಕೆ ಹೇಳಿ ಮಾಡಿಸಿದ ಹಾಗೆ. ಕಾಲುವೆ ಪಕ್ಕ, ಬಚ್ಚಲ ನೀರು ಹೋಗೋ ಕಡೆ ಎಲ್ಲಾದ್ರೂ ಜಾಗ ನೋಡಿ. ಮೊದಲ ಎರಡು ಬೇಸಿಗೆ ಮಾತ್ರ ನೀರು ತಪ್ಪಿಸ್ಬೇಡಿ, ಬುಡಕ್ಕೆ ತೆಂಗಿನ ಗರಿ ಸಿಪ್ಪೆ ಮುಚ್ಚಿ. ಅವಸರದ ಮರ ಅಲ್ಲ ಇದು, ಎರಡು ವರ್ಷಕ್ಕೆ ಮೊಣಕಾಲೆತ್ತರ ಆದ್ರೂ ಖುಷಿಪಡಿ, ನನ್ನ ಗಿಡ ಹೂವು ತೋರಿಸಿದ್ದು ಎಂಟನೇ ವರ್ಷಕ್ಕೆ.

ಹೊಸ ಚಿಗುರು ಬಂದಾಗ ಎಲೆಯೆಲ್ಲ ಬಾಡಿ ನೇತಾಡ್ತಿದೆ ಅಂತ ಗಾಬರಿಯಾಗಿ ದಿನಕ್ಕೆ ನಾಲ್ಕು ಸಲ ನೀರು ಹಾಕ್ಬೇಡಿ. ಅದು ಬಾಡಿರೋದಲ್ಲ, ಅದರ ಚಿಗುರು ಇರೋದೇ ಹಾಗೆ, ಎರಡು ವಾರಕ್ಕೆ ಹಸಿರಾಗಿ ಬಿಗಿಯಾಗುತ್ತೆ. ನನ್ನ ಹೆಂಡತಿ ತವರಿಗೆ ಕೊಟ್ಟ ಗಿಡ ಹೀಗೇ ನೀರು ಹಾಕಿ ಹಾಕಿ ಕೊಳೆತು ಹೋಯ್ತು.

ತೆಂಗಿನಸೀಮೆ:

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಅಮ್ಮನ ಎಚ್‌ಬಿ 6.9 ಬಂತು. ಡಾಕ್ಟ್ರು ರಿಪೋರ್ಟ್ ನೋಡಿ ಅಮ್ಮನ ಮುಖ ನೋಡಿ "ಇಷ್ಟು ದಿನ ಹೆಂಗಮ್ಮ ತೋಟಕ್ಕೆ ಹೋಗ್ತಿದ್ರಿ" ಅಂದ್ರಂತೆ. ಅವತ್ತೇ ಅಡ್ಮಿಟ್ ಮಾಡ್ಕೊಂಡು ಎರಡು ಬಾಟಲ್ ರಕ್ತ ಕೊಟ್ರು. ಸ್ಕ್ಯಾನಿಂಗಲ್ಲಿ ಫೈಬ್ರಾಯ್ಡ್ ಇದೆ, ದೊಡ್ಡದು ಒಂದು, ಸಣ್ಣದು ಎರಡು. ಬಯಾಪ್ಸಿ ರಿಪೋರ್ಟ್ ನಿನ್ನೆ ಬಂತು, ಕ್ಯಾನ್ಸರ್ ಅಲ್ಲ. ಆ ಮಾತು ಕೇಳಿದಾಗ ನಾನು ಆಸ್ಪತ್ರೆ ಮೆಟ್ಟಿಲ ಮೇಲೇ ಕೂತ್ಬಿಟ್ಟೆ. ಈಗ ರಕ್ತ ನಿಲ್ಲೋಕೆ ಮಾತ್ರೆ, ಐರನ್ ಕೊಟ್ಟವ್ರೆ, ಎಚ್‌ಬಿ ಏರಿದ ಮೇಲೆ ಮುಂದೇನು ಅಂತ ನೋಡೋಣ ಅಂದ್ರು, ತೆಗೀಲೇಬೇಕು ಅಂತ ಯಾರೂ ಹೇಳಿಲ್ಲ.

ವೈದ್ಯೆ ಅವರೇ, ನೀವು ಹೇಳಿದ ಹಾಗೇ "ರಕ್ತ ಕಮ್ಮಿ ಆಗಿದೆ" ಅಂತಲೇ ತಂಗಿ ಕರ್ಕೊಂಡು ಹೋಗಿದ್ದು. ಅಮ್ಮ ಬಸ್ಸಲ್ಲಿ ತಂಗಿ ಹತ್ರ, ನಾಲ್ಕು ತಿಂಗಳ ಹಿಂದೆ ಒಂದು ಸಲ ಬಚ್ಚಲಲ್ಲಿ ಬಿದ್ದಿದ್ಲಂತೆ, ಅದನ್ನ ಆಗ ಹೇಳಿದ್ಲು. ನಾವ್ಯಾರೂ ಮನೇಲಿ ಕೇಳೇ ಇರ್ಲಿಲ್ಲ.

ಚಿಕ್ಕಮ್ಮ ಆ ಚಕ್ಕೆ ಕವರ್ ಒಲೆಗೆ ಹಾಕಿದ್ರು. ಈಗ ಆಸ್ಪತ್ರೆಗೆ ಊಟ ತರೋದು ಅವರೇ.

ಕುಮಾರಧಾರೆ ಅವರೇ, ಬೀಜ ಕೊರಿಯರ್ ಮಾಡಬೇಡಿ, ದಾರೀಲಿ ಒಣಗಿ ಹೋದ್ರೆ ಸುಮ್ನೆ ಹಾಳು. ಜೂನ್ ಎರಡನೇ ವಾರ ಸುಬ್ರಹ್ಮಣ್ಯಕ್ಕೆ ಬರೋ ಹರಕೆ ಇದೆ, ಆಗ ಮನೆಗೇ ಬಂದು ಆರಿಸ್ಕೊಳ್ಳಲಾ?

ಕುಮಾರಧಾರೆ:

ಬನ್ನಿ ಬನ್ನಿ, ಕೇಳ್ಬೇಕಾ. ಬರುವಾಗ ಒಂದು ಗೋಣಿಚೀಲ ತನ್ನಿ, ಒದ್ದೆ ಮಾಡಿ ಅದರಲ್ಲಿ ಸುತ್ತಿ ಕೊಡ್ತೇನೆ, ಮರುದಿನವೇ ಊರಿನ ಮಣ್ಣಿಗೆ ಹಾಕ್ಬೇಕು. ಊಟಕ್ಕೆ ನಿಲ್ಲುವ ಹಾಗೆ ಬನ್ನಿ. ಹೂವು ಮುಗಿದಿರ್ತದೆ ಆಗ, ಕೆಳಗಿನ ಕೊಂಬೆಯಲ್ಲಿ ಒಂದೆರಡು ಗೊಂಚಲು ಉಳಿದಿದ್ರೆ ತಂಬುಳಿ ಮಾಡಿಸ್ತೇನೆ.